ಬಿಚ್ಚುವ ಮೊದಲು ನೋಡುವ ಅಂಗಡಿ: ವಿಜಯಪುರದ ಒಂದು ರೇಡಿಯೇಟರ್ ವರ್ಕ್‌ಶಾಪ್

ವಿಜಯಪುರದಲ್ಲಿ ನಿಮ್ಮ ಕಾರು ಹೀಟ್ ಆಗುತ್ತಿದೆಯಾ? ಯಾರಾದರೂ ಎಂಜಿನ್ನಿನ ಹೆಡ್ (ಮೇಲ್ಭಾಗ) ಇಳಿಸಬೇಕು ಅಂದಿದ್ದಾರಾ? ಹಾಗಿದ್ದರೆ ಹೂಂ ಅನ್ನುವ ಮೊದಲು ಇಂಡಿ ರಸ್ತೆ ಕಡೆಗಿರುವ ಈ ರೇಡಿಯೇಟರ್ ಅಂಗಡಿಗೆ ಒಮ್ಮೆ ಹೋಗಿ ಬನ್ನಿ. ರೇಡಿಯೇಟರ್ ಅಂದರೆ ಎಂಜಿನ್ ಸುತ್ತಿ ಬಿಸಿಯಾದ ನೀರನ್ನು ಗಾಳಿಗೆ ಆರಿಸುವ ಜಾಲರಿ. ಅಂಗಡಿಗೆ ಬೋರ್ಡ್ ಇಲ್ಲ. ಗೋಡೆ ತುಂಬ ತೂಗುಹಾಕಿದ ಹಳೇ ರೇಡಿಯೇಟರ್‌ಗಳೇ ಗುರುತು. ಮುಂದೆ ಸಿಮೆಂಟಿನ ನೀರಿನ ತೊಟ್ಟಿ, ಪಕ್ಕದಲ್ಲಿ ಬೇವಿನ ಗಿಡ, ಗಿಡದ ನೆರಳಿಗೆ ಯಾವಾಗ ನೋಡಿದರೂ ಒಂದೆರಡು ಟ್ರ್ಯಾಕ್ಟರ್. ನಡೆಸುವವರು ವಯಸ್ಸಾದ ಮಿಸ್ತ್ರಿ. ಎಲ್ಲರೂ ಚಾಚಾ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಜೊತೆಗೆ ಅವರ ಮಗ ಇದ್ದಾನೆ, ವೈರಿಂಗ್ ಕೆಲಸ ಅವನದು.

ನಾನು ತಿಕೋಟಾ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಊರಿಂದ ದಿನಾ ಕಾರಿನಲ್ಲೇ ಹೋಗಿ ಬರುತ್ತೇನೆ. ಜೊತೆಗೆ ಇಬ್ಬರು ಟೀಚರ್ ಬರುತ್ತಾರೆ, ಪೆಟ್ರೋಲ್ ಖರ್ಚು ಮೂವರೂ ಹಂಚಿಕೊಳ್ಳುತ್ತೇವೆ. ಗಾಡಿ ಹಳೆಯದು, ಪೆಟ್ರೋಲ್ ಎಂಜಿನ್, ಹತ್ತು ವರ್ಷ ಯಾವಾಗಲೋ ದಾಟಿದೆ. ಅಥಣಿ ರಸ್ತೆ ಬಿಟ್ಟು ಒಳಗೆ ತಿರುಗಿದರೆ ದ್ರಾಕ್ಷಿ ತೋಟಗಳ ನಡುವಿನ ಸಣ್ಣ ದಾರಿ. ಒಣದ್ರಾಕ್ಷಿ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಹಿಂದೆ ಟ್ರ್ಯಾಕ್ಟರ್. ಅಲ್ಲಿ ಎರಡನೇ ಗೇರಿನಲ್ಲೇ ಹೋಗಬೇಕು. ಇಂಥ ದಾರಿಯಲ್ಲಿ, ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ, ಮೂವರು ಹೆಂಗಸರು ಕೂತ ಗಾಡಿಯ ಬಾನೆಟ್ಟಿನಿಂದ ಉಗಿ ಬಂದರೆ ಎಷ್ಟು ಗಾಬರಿ ಆಗುತ್ತದೆ ಅಂತ ಗೊತ್ತಿದ್ದವರಿಗೇ ಗೊತ್ತು.

ತೊಂದರೆ ಹೀಗಿತ್ತು. ಗಾಂಧಿ ಚೌಕದಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡರೆ ಟೆಂಪರೇಚರ್ ಮುಳ್ಳು ನಿಧಾನಕ್ಕೆ ಮೇಲೇರುವುದು. ಊರು ದಾಟಿ ಅಥಣಿ ರಸ್ತೆಗೆ ಬಿದ್ದು ಸ್ಪೀಡ್ ಹಿಡಿದರೆ ತಾನಾಗಿಯೇ ಇಳಿಯುವುದು. ತೋಟದ ದಾರಿಯಲ್ಲಿ ಮತ್ತೆ ಮೇಲೆ. ಇನ್ನೊಂದು ವಿಷಯ: ಗಾಡಿ ಓಡುವಾಗ ಎಸಿ ತಣ್ಣಗಿರುತ್ತಿತ್ತು, ನಿಂತ ಕೂಡಲೇ ಬೆಚ್ಚಗಿನ ಗಾಳಿ.

ಇದಕ್ಕೆ ಒಂದು ಗ್ಯಾರೇಜಿನವರು ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಬಿಚ್ಚಿ ಕೈಗೆ ಕೊಟ್ಟರು. "ನಮ್ಮ ಬಿಸಿಲಿಗೆ ಇದು ಬೇಕಾಗೇ ಇಲ್ಲ ಮೇಡಂ" ಅಂದರು. ಇನ್ನೊಂದು ಕಡೆ ಕೂಲೆಂಟ್ (ರೇಡಿಯೇಟರ್ ನೀರಿಗೆ ಬೆರೆಸುವ ದ್ರವ) ಬದಲಿಸಿದರು, ರೇಡಿಯೇಟರ್ ಮುಚ್ಚಳ ಬದಲಿಸಿದರು. ಫ್ಯಾನ್ ತಿರುಗುವುದನ್ನು ಬಗ್ಗಿ ನೋಡಿ "ಫ್ಯಾನ್ ಓಕೆ" ಅಂದರು. ಕೊನೆಗೆ ಒಬ್ಬರು ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗೆ ಕೂರುವ ತೆಳು ಪದರ) ಹೋಗಿದೆ, ಹೆಡ್ ಇಳಿಸಿ ಫೇಸಿಂಗ್ ಮಾಡಿಸಬೇಕು, ಅಂದರೆ ಅದರ ತಳ ಉಜ್ಜಿ ಸಮ ಮಾಡಿಸಬೇಕು ಅಂತ ಇಪ್ಪತ್ತು ಸಾವಿರದ ಲೆಕ್ಕ ಬರೆದುಕೊಟ್ಟರು. ಇಷ್ಟರಲ್ಲಿ ಯಾರೂ ಏನನ್ನೂ ಅಳೆದಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ. ಖರ್ಚಿಗಲ್ಲ.

ಚಾಚಾ ಹತ್ತಿರ ಕಳಿಸಿದ್ದು ನಮ್ಮ ಶಾಲೆಯ ಹುಡುಗನೊಬ್ಬನ ಅಪ್ಪ. ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ.

ನಾನು ಹೋದಾಗ ಎಂಜಿನ್ ಬಿಸಿ ಇತ್ತು. ಬಾನೆಟ್ ಎತ್ತಿಸಿದರು, ಆದರೆ ಏನನ್ನೂ ಮುಟ್ಟಲಿಲ್ಲ. "ಅಕ್ಕೋರ, ಮೊದ್ಲ ಗಾಡಿ ಆರಲಿ. ಬಿಸಿ ಇದ್ದಾಗ ಮುಚ್ಚಳಕ್ಕ ಕೈ ಹಚ್ಚೂದಿಲ್ಲ" ಅಂದರು. ಒಂದು ಖುರ್ಚಿ ಹಾಕಿ, ಚಹಾ ತರಿಸಿ, ಪ್ರಶ್ನೆ ಕೇಳಲು ಶುರು ಮಾಡಿದರು. ನಿಂತಾಗ ಕಾಯ್ತದೋ, ಓಡುವಾಗ ಕಾಯ್ತದೋ? ನೀರು ಕಡಿಮೆ ಆಗ್ತದೇನು? ಆದರೆ ಎಷ್ಟು, ಎಲ್ಲಿ ಹೋಗ್ತದೆ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರ್ತದಾ? ಕಾರೊಳಗೆ ಸಿಹಿ ವಾಸನೆ? ಪಕ್ಕದ ಸೀಟಿನ ಕೆಳಗೆ ಕಾರ್ಪೆಟ್ ಒದ್ದೆ? ಇದಕ್ಕೂ ಮೊದಲು ಮುಂದಿನ ಕಡೆ ಯಾರು ಏನು ಕೆಲಸ ಮಾಡಿದ್ದಾರೆ?

ಈ ಪ್ರಶ್ನೆಗಳನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ. ನಿಂತಾಗ ಮಾತ್ರ ಕಾದು, ಓಡುವಾಗ ತಣ್ಣಗಾದರೆ ತೊಂದರೆ ಇರುವುದು ಗಾಳಿಯಲ್ಲಿ. ಫ್ಯಾನ್, ಫ್ಯಾನಿನ ರಿಲೇ (ಸ್ವಿಚ್), ಫ್ಯೂಸ್, ಅಥವಾ ರೇಡಿಯೇಟರ್ ಮುಂದೆ ಕೂತ ಕಸ. ಓಡುವಾಗ ಗಾಳಿ ತಾನೇ ನುಗ್ಗುತ್ತದೆ, ಫ್ಯಾನಿನ ಹಂಗಿಲ್ಲ. ಅದೇ ಊರೊಳಗೆ ಸರಿ ಇದ್ದು, ಹೆದ್ದಾರಿಯಲ್ಲಿ 80ರ ಸ್ಪೀಡಿನಲ್ಲಿ ಅಥವಾ ಏರಿನಲ್ಲಿ ಕಾದರೆ ತೊಂದರೆ ನೀರಿನ ಓಟದಲ್ಲಿ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ, ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ, ವಾಟರ್ ಪಂಪ್ ಸೋತಿದೆ, ಅಥವಾ ನೀರೇ ಕಡಿಮೆ ಇದೆ. ಕಾರೊಳಗಿನ ಸಿಹಿ ವಾಸನೆ ಮತ್ತು ಒದ್ದೆ ಕಾರ್ಪೆಟ್ ಹೀಟರ್ ಕೋರ್ (ಕಾರೊಳಗೆ ಬಿಸಿ ಗಾಳಿ ಕೊಡುವ ಭಾಗ) ಸೋರುವ ಗುರುತು. ಬಿಳಿ ಹೊಗೆ ನಿಲ್ಲದೇ ಬಂದು, ನೀರೂ ಕಡಿಮೆಯಾಗುತ್ತಾ ಹೋದರೆ ಗ್ಯಾಸ್ಕೆಟ್ ಮೇಲೆ ಸಂಶಯ ಪಡಬೇಕು.

ನನ್ನ ಉತ್ತರ ಕೇಳಿ ಚಾಚಾ ಮಗನ ಕಡೆ ನೋಡಿ "ಗಾಳಿ ಕೇಸು" ಅಂದರು. ಆದರೂ ಗ್ಯಾಸ್ಕೆಟ್ ಮಾತು ಒಮ್ಮೆ ಬಂದ ಮೇಲೆ ಅದನ್ನು ನೋಡದೇ ಬಿಡುವುದಿಲ್ಲ ಅಂತಲೂ ಹೇಳಿದರು. ಗಾಡಿ ರಾತ್ರಿ ಅಲ್ಲೇ ಬಿಟ್ಟು ಬಂದೆ.

ಮರುದಿನ ಬೆಳಿಗ್ಗೆ ತಣ್ಣಗಿನ ಎಂಜಿನ್ ಮೇಲೆ ಕೆಲಸ ಶುರುವಾಯಿತು. ಮೊದಲು ಮುಚ್ಚಳ. ಅದರ ಮೇಲೆ 0.9 ಅಂತ ಅಚ್ಚಾಗಿತ್ತು. ಕೈಪಂಪಿಗೆ ಸಿಕ್ಕಿಸಿ ಒತ್ತಡ ಕೊಟ್ಟು ನೋಡಿದರು, ಮುಳ್ಳು ಅಷ್ಟರ ಹತ್ತಿರ ಹೋಗಿ ನಿಂತಿತು. ಈ ಮುಚ್ಚಳದ ಕೆಲಸ ಏನು ಅಂತ ಬಹಳ ಜನರಿಗೆ ಗೊತ್ತಿಲ್ಲ, ಸುಮ್ನೆ ಬಿರಡೆ ಅಂದುಕೊಂಡಿರುತ್ತಾರೆ. ಅದು ಅಡುಗೆಮನೆಯ ಕುಕ್ಕರಿನ ಸೀಟಿ ಇದ್ದ ಹಾಗೆ. ಒತ್ತಡ ಹೆಚ್ಚಾದರೆ ನೀರು ಕುದಿಯುವ ಡಿಗ್ರಿಯೂ ಹೆಚ್ಚು. ವಿಜಯಪುರ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ, ತೆರೆದ ಪಾತ್ರೆಯಲ್ಲಿ ನೀರು ಇಲ್ಲಿ 98 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿದರೆ ಅದೇ ನೀರು 118 ಡಿಗ್ರಿ ಹತ್ತಿರದವರೆಗೆ ಕುದಿಯುವುದಿಲ್ಲ. ಕೂಲೆಂಟ್ ಬೆರೆಸಿದರೆ 120 ದಾಟುತ್ತದೆ. ಮುಚ್ಚಳದ ರಬ್ಬರ್ ಹೋದರೆ ಈ ಇಪ್ಪತ್ತು ಡಿಗ್ರಿಯ ಅವಕಾಶವೇ ಕೈತಪ್ಪುತ್ತದೆ. ಒಂಬತ್ತನೇ ತರಗತಿಗೆ ಒತ್ತಡ ಮತ್ತು ಕುದಿಬಿಂದು ಕಲಿಸುವ ನಾನು ಈ ಮಾತನ್ನು ಬಾಯಿ ತೆರೆದು ಹೇಳಬೇಕು ಅನ್ನುವಷ್ಟರಲ್ಲಿ ಚಾಚಾ ಅವರೇ ಹೇಳಿದರು, ಇನ್ನೂ ಸರಳವಾಗಿ. ಬಿಸಿ ಎಂಜಿನ್ನಿನ ಮುಚ್ಚಳ ಯಾಕೆ ತೆಗೆಯಬಾರದು ಅನ್ನುವುದೂ ಇದರಲ್ಲೇ ಇದೆ. ಒತ್ತಡ ಹೋದ ಕ್ಷಣಕ್ಕೆ ಒಳಗಿನ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ.

ಆಮೇಲೆ ಅದೇ ಪಂಪನ್ನು ರೇಡಿಯೇಟರ್ ಬಾಯಿಗೆ ಸಿಕ್ಕಿಸಿ ಇಡೀ ವ್ಯವಸ್ಥೆಗೆ ಒತ್ತಡ ಕೊಟ್ಟು ಬಿಟ್ಟರು. ಚಹಾ ಕುಡಿದು ಬಂದು ನೋಡಿದರೆ ಮುಳ್ಳು ಇಳಿದಿರಲಿಲ್ಲ. ಎಲ್ಲೂ ಸೋರಿಕೆ ಇಲ್ಲ. ವಾಟರ್ ಪಂಪ್ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಪಂಪಿನ ಸೀಲ್ ಹೋದರೆ ಮೊದಲು ಅಲ್ಲಿಂದ ಹನಿ ಬೀಳುತ್ತದೆ, ಒಣಗಿ ಬಣ್ಣದ ಕರೆ ಕಟ್ಟುತ್ತದೆ. ಟಾರ್ಚ್ ಹಿಡಿದು ಅದನ್ನೂ ತೋರಿಸಿದರು. ಒಣಗಿತ್ತು, ಶುದ್ಧ ಇತ್ತು.

ಗ್ಯಾಸ್ಕೆಟ್ ಪರೀಕ್ಷೆಗೆ ಮಗ ಒಂದು ಗಾಜಿನ ನಳಿಗೆ ತಂದ. ಆನ್‌ಲೈನಿನಲ್ಲಿ ತರಿಸಿದ್ದಂತೆ. ಒಳಗೆ ನೀಲಿ ದ್ರಾವಣ. ನೋಡಿದ ಕೂಡಲೇ ನನಗೆ ಖುಷಿ ಆಯಿತು, ನಮ್ಮ ಲ್ಯಾಬಿನ ಬ್ರೋಮೋಥೈಮಾಲ್ ಬ್ಲೂ! ಎಂಜಿನ್ ಓಡುವಾಗ ರೇಡಿಯೇಟರ್ ಬಾಯಿಯ ಗಾಳಿಯನ್ನು ಇದರ ಮೂಲಕ ಎಳೆಯುತ್ತಾರೆ. ಹೆಡ್ ಗ್ಯಾಸ್ಕೆಟ್ ಹರಿದಿದ್ದರೆ ಸಿಲಿಂಡರಿನ ಸುಟ್ಟ ಗಾಳಿ ನೀರಿಗೆ ನುಗ್ಗಿರುತ್ತದೆ, ಅದರಲ್ಲಿನ ಇಂಗಾಲದ ಡೈಆಕ್ಸೈಡಿಗೆ ನೀಲಿ ಹೋಗಿ ಹಳದಿ ಆಗುತ್ತದೆ. ಒಂದಿಷ್ಟು ಹೊತ್ತು ಪಂಪ್ ಮಾಡಿದ. ನೀಲಿ ನೀಲಿಯಾಗೇ ಉಳಿಯಿತು. ರೇಡಿಯೇಟರ್ ಬಾಯಲ್ಲಿ ಗುಳ್ಳೆಯೂ ಬರಲಿಲ್ಲ. ಆಯಿಲ್ ಗೇಜ್ ಎಳೆದು ತೋರಿಸಿದ, ಆಯಿಲಿಗೆ ನೀರು ಸೇರಿದ್ದರೆ ಬರುವ ಹಾಲು ಬೆರೆಸಿದ ಬಣ್ಣ ಇರಲಿಲ್ಲ. ಇಪ್ಪತ್ತು ಸಾವಿರದ ಚೀಟಿ ಪರ್ಸಿನಲ್ಲೇ ಇತ್ತು, ಅಲ್ಲೇ ಹರಿದು ಹಾಕಿದೆ.

ಇನ್ನು ಗಾಳಿ. ಇಲ್ಲಿ ಚಾಚಾ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ನೀವು ಮನೆ ಮುಂದೆಯೇ ಮಾಡಿ ನೋಡಬಹುದು.

"ಸೆರಗು ಸೊಂಟಕ್ಕ ಸಿಗಿಸ್ಕೋರಿ ಅಕ್ಕೋರ, ಫ್ಯಾನ್ ಹೇಳಿ ಕೇಳಿ ಚಾಲೂ ಆಗೂದಿಲ್ಲ" ಅಂದರು ಮೊದಲು. ನಿಜ. ಎಂಜಿನ್ ಬಿಸಿ ಇದ್ದರೆ ಎಷ್ಟೋ ಕಾರುಗಳಲ್ಲಿ ಚಾವಿ ತೆಗೆದ ಮೇಲೂ ಫ್ಯಾನ್ ತಿರುಗುತ್ತದೆ. ಆಮೇಲೆ ಎಂಜಿನ್ ಚಾಲೂ ಮಾಡಿಸಿ ಎಸಿ ಹಾಕಿಸಿದರು. ಎಸಿ ಹಾಕಿದರೆ ಬಹುತೇಕ ಕಾರುಗಳಲ್ಲಿ ಫ್ಯಾನ್ ತಿರುಗಲು ಎಂಜಿನ್ ಬಿಸಿಯಾಗುವವರೆಗೆ ಕಾಯಬೇಕಿಲ್ಲ. ಫ್ಯಾನ್ ಗುಂಯ್ ಅಂತ ತಿರುಗಿತು. ಚೆನ್ನಾಗೇ ತಿರುಗಿತು. ಚಾಚಾ ಹಳೇ ಪೇಪರಿನ ಒಂದು ಹಾಳೆ ಹರಿದು, ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹಾಳೆಯನ್ನು ಗ್ರಿಲ್ಲಿಗೆ ಹತ್ತಿರ ಹಿಡಿದು ಕೈ ಬಿಟ್ಟರು.

ಹಾಳೆ ಗ್ರಿಲ್ಲಿಗೆ ಅಂಟಿಕೊಳ್ಳಬೇಕು. ಫ್ಯಾನ್ ಮುಂದಿನಿಂದ ಗಾಳಿ ಒಳಗೆಳೆಯಬೇಕಲ್ವಾ? ನಮ್ಮದು ಹಾರಿ ಚಾಚಾ ಎದೆಗೆ ಬಂದು ಬಿತ್ತು.

ಇನ್ನೊಮ್ಮೆ ಹಿಡಿದರು. ಮತ್ತೆ ಹಾರಿತು. ನನ್ನ ಕೈಗೆ ಕೊಟ್ಟು ನೀವೇ ಹಿಡೀರಿ ಅಂದರು. ಗ್ರಿಲ್ಲಿನಿಂದ ಬರುವ ಗಾಳಿ ಮುಂಗೈಗೆ ತಾಗಿತು, ಬೆಚ್ಚಗಿತ್ತು. "ಗಾಳಿ ಉಲ್ಟಾ ಹೊಡ್ಯಾಕತ್ತದ್ರಿ. ಫ್ಯಾನ್ ತಿರಗತದ ಖರೆ, ಯಾ ಕಡೆ ತಿರಗತದ ಅಂತ ಯಾರೂ ನೋಡಿಲ್ಲ."

ಆಗ ಎಲ್ಲ ಸರಿಹೊಂದಿತು. ಹಿಂದಿನ ವರ್ಷ ಒಂದು ಗ್ಯಾರೇಜಿನಲ್ಲಿ ಫ್ಯಾನಿನ ಮೋಟರ್ ಬದಲಿಸಿದ್ದರು. ಹೊಸ ಮೋಟರಿನ ಕನೆಕ್ಟರ್ ನಮ್ಮ ಗಾಡಿಗೆ ಕೂಡಲಿಲ್ಲ ಅಂತ ವೈರ್ ಕತ್ತರಿಸಿ, ತಿರುವಿ, ಟೇಪ್ ಸುತ್ತಿ ಬಿಟ್ಟಿದ್ದರು. ಮಗ ಆ ಟೇಪ್ ಬಿಚ್ಚಿ ತೋರಿಸಿದ. ಪ್ಲಸ್ಸಿಗೆ ಮೈನಸ್, ಮೈನಸ್ಸಿಗೆ ಪ್ಲಸ್. ಇಂಥ ಡಿಸಿ ಮೋಟರಿಗೆ ಎರಡು ವೈರ್ ಅದಲು ಬದಲು ಮಾಡಿದರೆ ಅದು ಹಿಂದೆ ಮುಂದೆ ನೋಡದೇ ಉಲ್ಟಾ ತಿರುಗುತ್ತದೆ. ರೆಕ್ಕೆಯ ಬಾಗು ಒಂದೇ ದಿಕ್ಕಿಗೆ ಇರುವುದರಿಂದ ಉಲ್ಟಾ ತಿರುಗಿದಾಗ ಗಾಳಿಯೂ ಕಡಿಮೆ. ಆ ಕಡಿಮೆ ಗಾಳಿಯೂ ಎಂಜಿನ್ ಕಡೆಯ ಬಿಸಿ ಗಾಳಿ. ಅದೇ ರೇಡಿಯೇಟರಿಗೆ, ಅದೇ ಎಸಿ ಕಂಡೆನ್ಸರಿಗೆ (ಎಸಿಯ ಬಿಸಿ ಹೊರಹಾಕುವ ಜಾಲರಿ). ನಿಂತಾಗ ಎಸಿ ಯಾಕೆ ಬೆಚ್ಚಗಾಗುತ್ತಿತ್ತು ಅನ್ನುವುದಕ್ಕೂ ಇದೇ ಉತ್ತರ. ಓಡುವಾಗ ಎದುರಿನ ಗಾಳಿ ಜೋರು, ಫ್ಯಾನಿನ ತಪ್ಪು ಮುಚ್ಚಿಹೋಗುತ್ತಿತ್ತು.

ಮಗ ವೈರ್ ಸರಿ ಮಾಡಿ, ಬೆಸುಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಸ್ಲೀವ್ ಏರಿಸಿ ಬಿಸಿ ಮಾಡಿ ಬಿಗಿ ಮಾಡಿದ. ಮತ್ತೆ ಹಾಳೆ ಹಿಡಿದರು. ಪಟ್ ಅಂತ ಗ್ರಿಲ್ಲಿಗೆ ಕಚ್ಚಿಕೊಂಡಿತು.

ಅಷ್ಟಕ್ಕೇ ದುಡ್ಡು ತಗೊಂಡು ಕಳಿಸಬಹುದಿತ್ತು. ಕಳಿಸಲಿಲ್ಲ. "ಥರ್ಮೋಸ್ಟಾಟ್ ತೆಗೆದಾರ ಅಂದ್ರಲ್ಲ, ಅದನ್ನ ಹಾಕಲಾರದ ಗಾಡಿ ಬಿಡೂದಿಲ್ಲ" ಅಂದರು. ಈ ವಿಷಯದಲ್ಲಿ ನಮ್ಮ ಕಡೆಯ ಎಷ್ಟೋ ಮಿಸ್ತ್ರಿಗಳು ತಪ್ಪು ತಿಳಿದಿದ್ದಾರೆ, ನಮ್ಮ ಗಾಡಿಗೆ ಮಾಡಿದ್ದೂ ಅದನ್ನೇ. ಥರ್ಮೋಸ್ಟಾಟ್ ತೆಗೆದರೆ ನೀರು ಸದಾ ರೇಡಿಯೇಟರಿಗೆ ಹೋಗುತ್ತದೆ, ಎಂಜಿನ್ ಬೇಗ ಬಿಸಿ ಆಗುವುದೇ ಇಲ್ಲ. ತಣ್ಣಗಿನ ಎಂಜಿನ್ನಿಗೆ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಕೊಡುತ್ತಲೇ ಇರುತ್ತದೆ, ಮೈಲೇಜ್ ಬೀಳುತ್ತದೆ, ಸವೆತವೂ ಹೆಚ್ಚು. ಕೆಲವು ಎಂಜಿನ್‌ಗಳಲ್ಲಂತೂ ಈ ವಾಲ್ವೇ ಬೈಪಾಸ್ ದಾರಿಯನ್ನು ಮುಚ್ಚುವುದು. ಅದಿಲ್ಲದಿದ್ದರೆ ನೀರು ರೇಡಿಯೇಟರಿಗೆ ಹೋಗದೇ ಒಳಗೊಳಗೇ ಸುತ್ತಿ ಇನ್ನೂ ಕಾಯುತ್ತದೆ. ತಣ್ಣಗೆ ಮಾಡಲು ತೆಗೆದದ್ದು ಬಿಸಿ ಮಾಡಿದ ಹಾಗಾಯಿತು.

ಹೊಸ ಥರ್ಮೋಸ್ಟಾಟ್ ತರಿಸಿದರು. ಅದರ ಅಂಚಿನ ಮೇಲೆ 82 ಅಂತ ಅಚ್ಚಿತ್ತು. ಅದನ್ನು ಹಾಗೇ ಹಾಕಲಿಲ್ಲ. ಸಣ್ಣ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು, ಸ್ಟೋವ್ ಮೇಲೆ. ದಾರದಿಂದ ಥರ್ಮೋಸ್ಟಾಟನ್ನು ತಳಕ್ಕೆ ತಾಗದ ಹಾಗೆ ಇಳಿಬಿಟ್ಟರು, ಪಕ್ಕದಲ್ಲಿ ಥರ್ಮಾಮೀಟರ್. ದಾರದ ತುದಿಯನ್ನು ಮುಚ್ಚಿದ ವಾಲ್ವಿನ ಸಂದಿಯಲ್ಲೇ ಸಿಕ್ಕಿಸಿದ್ದರು. ನೀರು ಬಿಸಿಯಾಗುತ್ತಾ ಹೋಯಿತು. 60. 70. ಏನೂ ಆಗಲಿಲ್ಲ. 80 ದಾಟಿದ ಸ್ವಲ್ಪಕ್ಕೇ ವಾಲ್ವ್ ಕೂದಲೆಳೆಯಷ್ಟು ಬಾಯಿ ತೆರೆದು, ದಾರ ಜಾರಿ, ಥರ್ಮೋಸ್ಟಾಟ್ ಟಣ್ ಅಂತ ತಳಕ್ಕೆ ಬಿತ್ತು. ಒಳಗಿರುವುದು ಮೇಣ. ಅದು ಕರಗಿ ಹಿಗ್ಗಿದಾಗ ಕಡ್ಡಿಯನ್ನು ದೂಡುತ್ತದೆ, ವಾಲ್ವ್ ತೆರೆಯುತ್ತದೆ. ಕರೆಂಟ್ ಬೇಡ, ಕಂಪ್ಯೂಟರ್ ಬೇಡ. ಎಷ್ಟು ಚಂದದ ಯಂತ್ರ! ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೂರಿಸುವಾಗ ಅದರ ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ ಮೇಲ್ಗಡೆ ಬರುವಂತೆ ಇಟ್ಟರು. ಒಳಗೆ ಸಿಕ್ಕಿಕೊಂಡ ಗಾಳಿ ಅಲ್ಲಿಂದ ಹೊರಡುತ್ತದೆ.

ನೀರಿನ ಬಗ್ಗೆ ಚಾಚಾ ಬಹಳ ಕಟ್ಟುನಿಟ್ಟು. ಇದು ನಮ್ಮ ಜಿಲ್ಲೆಯವರೆಲ್ಲ ಕೇಳಿಸಿಕೊಳ್ಳಬೇಕಾದ ಮಾತು. ನಮ್ಮ ಬೋರ್‌ವೆಲ್ ನೀರು ಗಡಸು, ಎಷ್ಟೋ ಕಡೆ ಸವಳು. ಸ್ನಾನದ ಹೀಟರಿನ ಕಾಯಿಲ್ ತೆಗೆದು ನೋಡಿ, ಬಿಳಿ ಪದರ ಕಟ್ಟಿರುತ್ತದೆ. ನೀರಿನಲ್ಲಿ ಕರಗಿದ ಸುಣ್ಣದಂಶ ಬಿಸಿ ತಾಗಿದಲ್ಲಿ ಗಟ್ಟಿಯಾಗಿ ಕೂರುತ್ತದೆ. ಎಂಜಿನ್ನಿನಲ್ಲಿ ಅತಿ ಬಿಸಿ ಜಾಗ ಅಂದರೆ ಹೆಡ್ಡಿನ ಸುತ್ತ, ಅಲ್ಲೇ ಕೂರುತ್ತದೆ. ಅಲ್ಲಿಂದ ಉದುರಿದ ಚೂರು ರೇಡಿಯೇಟರಿನ ಸಪೂರ ನಳಿಗೆಗಳಲ್ಲಿ ಸಿಕ್ಕುತ್ತದೆ. ನಮ್ಮ ಗಾಡಿಯ ಹಳೇ ನೀರು ಬಕೆಟ್ಟಿಗೆ ಇಳಿದಾಗ ಚಹಾದ ಬಣ್ಣ ಇತ್ತು. ಶುದ್ಧ ನೀರು ಬರುವವರೆಗೆ ತೊಳೆದರು. ಕೊನೆಯ ತೊಳೆತವನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲೇ ಮಾಡಿದರು.

ಆಮೇಲೆ ಕೂಲೆಂಟ್, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ ಅನ್ನುವವರಿದ್ದಾರೆ. ಅದರ ಕೆಲಸ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವುದಷ್ಟೇ ಅಲ್ಲ. ತುಕ್ಕು ತಡೆಯುತ್ತದೆ, ಕುದಿಬಿಂದು ಏರಿಸುತ್ತದೆ, ಪಂಪಿನ ಸೀಲಿಗೆ ಜಿಡ್ಡು ಕೊಡುತ್ತದೆ. ಹಾಗಂತ ಪೂರ್ತಿ ಕೂಲೆಂಟನ್ನೇ ಸುರಿದರೂ ತಪ್ಪು, ಕೂಲೆಂಟಿನಲ್ಲಿರುವ ಗ್ಲೈಕಾಲ್ ಒಂದೇ ಇದ್ದರೆ ನೀರಿನಷ್ಟು ಬಿಸಿ ಹೊರುವುದಿಲ್ಲ. ಡಬ್ಬಿಯ ಮೇಲೆ ರೆಡಿಮಿಕ್ಸ್ ಅಂತ ಇದ್ದರೆ ಮತ್ತೆ ನೀರು ಬೆರೆಸಬೇಡಿ. ಬಣ್ಣ ನೋಡಿ ತಗೋಬೇಡಿ ಅಂತಲೂ ಹೇಳಿದರು. ಹಸಿರು, ಕೆಂಪು, ನೀಲಿ ಅನ್ನುವುದು ಕಂಪನಿಗಳು ಹಾಕುವ ಬಣ್ಣ, ಒಳಗಿನ ಜಾತಿ ಬೇರೆ ಬೇರೆ ಇರಬಹುದು. ಬೇರೆ ಜಾತಿಯವನ್ನು ಬೆರೆಸಿದರೆ ಕೆಸರು ಕಟ್ಟುವ ಸಾಧ್ಯತೆ ಇದೆ. ಗಾಡಿಯ ಪುಸ್ತಕದಲ್ಲಿ ಏನು ಬರೆದಿದೆಯೋ ಅದನ್ನೇ ತರಬೇಕು.

ತುಂಬುವಾಗ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿಟ್ಟು, ಮುಚ್ಚಳ ತೆರೆದೇ ಎಂಜಿನ್ ಓಡಿಸಿ, ಗುಳ್ಳೆ ಬರುವುದು ನಿಂತ ಮೇಲೆ ಮುಚ್ಚಿದರು. ಗಾಳಿ ಒಳಗೆ ಉಳಿದರೆ ಎಲ್ಲ ಹೊಸತು ಹಾಕಿದರೂ ಗಾಡಿ ಕಾಯುತ್ತದೆ. ಥರ್ಮೋಸ್ಟಾಟ್ ತೆರೆದ ಗುರುತನ್ನು ರೇಡಿಯೇಟರಿನ ಮೇಲಿನ ಹೋಸ್ (ರಬ್ಬರ್ ಕೊಳವೆ) ಮುಟ್ಟಿಸಿ ತೋರಿಸಿದರು. ಮುಳ್ಳು ನಡುವಿಗೆ ಬರುವವರೆಗೆ ತಣ್ಣಗಿದ್ದ ಹೋಸ್ ಒಮ್ಮೆಲೇ ಬಿಸಿಯಾಯಿತು. ಮೇಲಿನದು ಸುಡುತ್ತಿದ್ದು, ಎಷ್ಟು ಹೊತ್ತಾದರೂ ಕೆಳಗಿನದು ತೀರಾ ತಣ್ಣಗೇ ಇದ್ದರೆ ರೇಡಿಯೇಟರ್ ಕಟ್ಟಿದೆ ಅಂತ ಲೆಕ್ಕ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಹೋಸ್ ಕಲ್ಲಿನಷ್ಟು ಗಟ್ಟಿಯಾದರೆ ಗ್ಯಾಸ್ಕೆಟ್ ಚಿಂತೆ ಮಾಡಬೇಕು.

ಇನ್ನೊಂದು ಕೆಲಸ ಬಾಕಿ ಇತ್ತು. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಒಂದು ಬೆರಳಷ್ಟು ಸಂದಿ. ಅದರಲ್ಲಿ ಜೋಳದ ಹೊಟ್ಟು, ಎರೆ ಮಣ್ಣಿನ ಧೂಳು, ಸತ್ತ ಹುಳ ಎಲ್ಲ ಸೇರಿ ಹೊದಿಕೆಯೇ ಆಗಿತ್ತು. ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ಎಂಜಿನ್ ಕಡೆಯಿಂದ ಹೊರಗಡೆಗೆ, ಮೆಲ್ಲಗೆ ನೀರು ಬಿಟ್ಟು ತೊಳೆದರು. ಸರ್ವಿಸ್ ಸ್ಟೇಷನ್ನಿನ ಜೋರು ಪ್ರೆಶರ್ ಹೊಡೆಸಿದರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿ ದಾರಿಯೇ ಮುಚ್ಚುತ್ತದೆ. ಹಳ್ಳಿ ರಸ್ತೆಯಲ್ಲಿ ಓಡಾಡುವವರು ಸುಗ್ಗಿ ಮುಗಿದ ಮೇಲೆ ಇದನ್ನು ತಪ್ಪದೇ ಮಾಡಿಸಿ.

ನಾನು ಕಾಯುತ್ತಾ ಕೂತಾಗ ಟ್ರ್ಯಾಕ್ಟರಿನ ತಾಮ್ರ ಹಿತ್ತಾಳೆ ರೇಡಿಯೇಟರ್ ಒಂದು ಬಂತು. ಬಾಯಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ತೊಟ್ಟಿಯಲ್ಲಿ ಮುಳುಗಿಸಿದರು. ಗುಳ್ಳೆ ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು, ಆಮೇಲೆ ಬೆಸುಗೆ. ಒಳಗೆ ಕಟ್ಟಿದ್ದರೆ ಮೇಲಿನ ಟ್ಯಾಂಕ್ ಬಿಚ್ಚಿ ಒಂದೊಂದೇ ನಳಿಗೆಗೆ ಚಪ್ಪಟೆ ಕಡ್ಡಿ ಹಾಯಿಸುತ್ತಾರೆ. ಈಗಿನ ಕಾರುಗಳ ರೇಡಿಯೇಟರಿಗೆ ಈ ಉಪಚಾರ ನಡೆಯುವುದಿಲ್ಲ, ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕ್. ಟ್ಯಾಂಕ್ ಸೀಳಿದ್ದರೆ ಚಾಚಾ ಅಂಟು ಹಚ್ಚಿಕೊಡುವುದಿಲ್ಲ, ಬದಲಿಸಿ ಅಂತಾರೆ. ಸೋರಿಕೆ ನಿಲ್ಲಿಸುವ ಪುಡಿಯನ್ನೂ ಹಾಕುವುದಿಲ್ಲ. ಲಾರಿಯವರು ಅರಿಶಿನ ಪುಡಿ ಹಾಕುತ್ತಾರಲ್ಲ ಅಂತ ಕೇಳಿದೆ. ಅದು ದಾರಿಯಲ್ಲಿ ಸಿಕ್ಕಿಕೊಂಡವನು ಮನೆ ಮುಟ್ಟಲು, ತೂತಿನ ಜೊತೆ ಹೀಟರಿನ ಸಣ್ಣ ನಳಿಗೆಯನ್ನೂ ಅದು ಮುಚ್ಚುತ್ತದೆ ಅಂದರು.

ದಾರಿಯಲ್ಲಿ ಮುಳ್ಳು ಏರಿದರೆ ಏನು ಮಾಡಬೇಕು ಅಂತಲೂ ಹೇಳಿ ಕಳಿಸಿದರು. ಎಸಿ ಬಂದ್. ಕಿಟಕಿ ಇಳಿಸಿ ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಜೋರು. ಹೀಟರ್ ಕೋರ್ ಕೂಡ ಒಂದು ಸಣ್ಣ ರೇಡಿಯೇಟರ್, ಎಂಜಿನ್ನಿನ ಒಂದಿಷ್ಟು ಬಿಸಿ ಕಾರೊಳಗೆ ಬರುತ್ತದೆ. ಬೆವರಿಳಿಯುತ್ತದೆ, ತಡಕೊಳ್ಳಿ. ಆಗಲೂ ಮುಳ್ಳು ಇಳಿಯದಿದ್ದರೆ, ಅಥವಾ ಉಗಿ ಕಂಡರೆ, ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಇನ್ನು ಸ್ವಲ್ಪ ದೂರ ಅಲ್ವಾ ಅಂತ ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಬಾಗುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಸೀಳಬಹುದು. ಹೊಸ ಸಣ್ಣ ಕಾರುಗಳಲ್ಲಿ ಎಷ್ಟೋ ಕಡೆ ಮುಳ್ಳೇ ಇಲ್ಲ, ತಣ್ಣಗಿದ್ದರೆ ನೀಲಿ ದೀಪ, ಕಾದರೆ ಕೆಂಪು ದೀಪ. ಕೆಂಪು ಹೊತ್ತಿದರೆ ಯೋಚನೆ ಮಾಡುತ್ತಾ ಕೂರುವ ಸಮಯ ಅಲ್ಲ ಅದು.

ಇಷ್ಟಕ್ಕೆ ನನಗೆ ಬಂದ ಬಿಲ್ಲು ಮೂರು ಸಾವಿರದೊಳಗೆ. ಅದರಲ್ಲಿ ಜಾಸ್ತಿ ಹೋದದ್ದು ಥರ್ಮೋಸ್ಟಾಟ್ ಮತ್ತು ಕೂಲೆಂಟಿಗೆ. ಪರೀಕ್ಷೆಗೆ ಬೇರೆ ದುಡ್ಡು ತಗೊಳ್ಳುತ್ತಾರೆ. ಅದನ್ನು ಮೊದಲೇ ಹೇಳುತ್ತಾರೆ, ಏನೂ ಸಿಗದಿದ್ದರೂ ಕೊಡಬೇಕು. ನನಗೆ ಇದು ನ್ಯಾಯ ಅನಿಸಿತು. ಹುಡುಕುವ ಕೆಲಸಕ್ಕೆ ಕೂಲಿ ಸಿಕ್ಕರೆ ಮಿಸ್ತ್ರಿ ಸುಮ್ನೆ ಪಾರ್ಟ್ ಬದಲಿಸಿ ಕೂಲಿ ಹುಟ್ಟಿಸಬೇಕಾಗಿಲ್ಲ.

ಕೊರತೆಗಳೂ ಇವೆ. ಅಚ್ಚು ಹಾಕಿದ ಬಿಲ್ ಇಲ್ಲ, ಚೀಟಿಯಲ್ಲಿ ಬರೆದುಕೊಡುತ್ತಾರೆ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಇಲ್ಲ. ಹಾಗಾಗಿ ಸೆನ್ಸರ್ ಮೇಲೆ ಸಂಶಯ ಇದ್ದರೆ ಅವರೇ ಬೇರೆ ಕಡೆ ಕಳಿಸುತ್ತಾರೆ. ವಾರಂಟಿ ಇರುವ ಗಾಡಿಯನ್ನು ಮುಟ್ಟುವುದಿಲ್ಲ, ಕಂಪನಿಗೇ ಹೋಗಿ ಅಂತಾರೆ. ಎಸಿ ಗ್ಯಾಸ್ ಕೆಲಸ ಇಲ್ಲ. ಫೋನ್ ಎತ್ತುವುದು ಕಡಿಮೆ. ಹೆಣ್ಣುಮಕ್ಕಳಿಗೆ ಕೂರಲು ಬೇವಿನ ಗಿಡದ ಕೆಳಗಿನ ಖುರ್ಚಿ ಬಿಟ್ಟರೆ ಬೇರೆ ಜಾಗ ಇಲ್ಲ, ಶೌಚಾಲಯವೂ ಇಲ್ಲ. ಇದನ್ನು ಚಾಚಾಗೂ ಹೇಳಿದ್ದೇನೆ. ಆದರೆ ಹೆಣ್ಣುಮಗಳು ಅಂತ ಮಾತು ತೇಲಿಸಿ ಕಳಿಸುವ ಚಾಳಿ ಇಲ್ಲಿಲ್ಲ. ಕೇಳಿದ್ದಕ್ಕೆಲ್ಲ ನೇರ ಉತ್ತರ, ಜೊತೆಗೆ ಕೈಯಲ್ಲಿ ಮುಟ್ಟಿಸಿ ತೋರಿಸುತ್ತಾರೆ.

ಹೊರಡುವಾಗ ಕೆಟ್ಟುಹೋದ ಒಂದು ಥರ್ಮೋಸ್ಟಾಟ್ ಕೇಳಿದೆ. ಒಂದು ಕೆಟ್ಟದ್ದು, ಒಂದು ಕೆಲಸ ಮಾಡುವ ಹಳೆಯದು, ಎರಡೂ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಈಗ ಎರಡೂ ನಮ್ಮ ಲ್ಯಾಬಿನಲ್ಲಿವೆ. ಘನ ವಸ್ತು ಕರಗಿದಾಗ ಹಿಗ್ಗುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉಪಕರಣ ನಮ್ಮ ಶಾಲೆಯಲ್ಲಿ ಇಲ್ಲ.

ಗಾಡಿ ಈಗ ಮೇ ತಿಂಗಳ ಮಧ್ಯಾಹ್ನವೂ ಗಾಂಧಿ ಚೌಕದಲ್ಲಿ ಎಸಿ ಹಾಕಿಕೊಂಡು ನಿಲ್ಲುತ್ತದೆ, ಮುಳ್ಳು ನಡುವಿನಿಂದ ಅಲುಗುವುದಿಲ್ಲ. ಬಿದ್ದಿದ್ದ ಮೈಲೇಜೂ ವಾಪಸ್ ಬಂದಿದೆ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಅರ್ಧ ಕಡಿದದ್ದು ಶೌಚಾಲಯಕ್ಕೆ ಮತ್ತು ಫೋನಿಗೆ.

ಹೋಗುವವರಿಗೆ: ಕಬ್ಬಿನ ಸೀಸನ್ನಿನಲ್ಲಿ ಟ್ರ್ಯಾಕ್ಟರ್ ಗದ್ದಲ, ಮಾರ್ಚ್ ನಂತರ ಕಾರುಗಳ ಗದ್ದಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ, ಮೂರರ ಮೇಲೆ ತೆರೆಯುತ್ತದೆ. ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು ಬನ್ನಿ, ಬೆಳಿಗ್ಗೆ ಎಂಜಿನ್ ತಣ್ಣಗಿದ್ದರೇ ಅವರು ಪರೀಕ್ಷೆ ಶುರು ಮಾಡುವುದು. ಗಾಡಿಯ ಪುಸ್ತಕ ಒಯ್ಯಿರಿ. ಹಿಂದೆ ಯಾರು ಏನು ಬಿಚ್ಚಿದ್ದಾರೆ, ಯಾವಾಗ ಬಿಚ್ಚಿದ್ದಾರೆ ಅಂತ ನೆನಪಿದ್ದಷ್ಟು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಚಾಚಾ ಮೊದಲು ಕೇಳುವುದು ಅದನ್ನೇ.